ಹಗೇವಿನ ಕಾಳು, ಬಿತ್ತುವ ಬೀಜ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ಬಾಳಿದ ಹಿರಿಯರಿಗೆ ಹಗೇವು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವರ ಮೊಮ್ಮಕ್ಕಳು ಕುಳಿತಿರುವ ಕಾಲೇಜಿನ ತರಗತಿಯಲ್ಲಿ ಮಾತ್ರ ಆ ಶಬ್ದಕ್ಕೆ ಅರ್ಥ ಹೇಳಬೇಕಾಗುತ್ತದೆ. ನೀರು ನಿಲ್ಲದ ಗಟ್ಟಿ ನೆಲವನ್ನು ಆರಿಸಿ, ಬಾವಿಯಂತೆ ಆಳವಾಗಿ ತೋಡಿ, ಒಳಮೈಗೆಲ್ಲ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲೆಯಲ್ಲಿ ಹುಳು ಬದುಕಲಾರದು. ಕಾಳು ವರ್ಷಗಟ್ಟಲೆ ಕೆಡದು. ಬಾಯಿ ತೆರೆದ ದಿನ ಕೂಡಲೇ ಒಳಗಿಳಿಯುವಂತಿರಲಿಲ್ಲ. ಒಳಗಿನ ವಿಷದ ಗಾಳಿ ಹೋಗುವವರೆಗೆ ಕಾಯಬೇಕಾಗಿತ್ತು.

ಡೋಣಿ ಸಾಲು ಬೆಳೆದರೆ ಓಣಿಯೆಲ್ಲ ಜೋಳವೆಂಬ ಮಾತು ಈ ಕಡೆ ಇಂದಿಗೂ ಕೇಳಿಬರುತ್ತದೆ. ಬೆಳೆಯದ ವರ್ಷ ಏನಾಗುತ್ತಿತ್ತೆಂಬುದನ್ನು ಆ ಮಾತು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಓಣಿ ತುಂಬಿದ ವರ್ಷದ ಜೋಳವನ್ನು ಓಣಿ ಬರಿದಾಗುವ ವರ್ಷಕ್ಕೆ ದಾಟಿಸುವ ಉಪಾಯವೇ ಹಗೇವು. ಮುಂದೆ ಏನು ಬೇಕಾದೀತು, ಎಷ್ಟು ಬೇಕಾದೀತು, ಯಾವಾಗ ಬೇಕಾದೀತು ಎಂಬ ಮೂರು ಪ್ರಶ್ನೆಗಳಿಗೆ ಮನೆಯ ಹಿರಿಯನು ಮನಸ್ಸಿನಲ್ಲಿಯೇ ಉತ್ತರ ಕಂಡುಕೊಂಡು ಅದನ್ನು ತುಂಬುತ್ತಿದ್ದನು.

ಈಗ ಹಗೇವು ನೆನಪಾದುದಕ್ಕೆ ಕಾರಣ ಬೇಸಾಯವಲ್ಲ, ಅಂತರ್ಜಾಲ. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ಫೋನಿನ ಹಿಂದೆ, ಅವರ ಕಣ್ಣಿಗೆ ಬೀಳದಂತೆ, ಇಂಥವೇ ಹಗೇವುಗಳು ಕೆಲಸ ಮಾಡುತ್ತಿವೆ. ಗಣಕಶಾಸ್ತ್ರದಲ್ಲಿ ಅವುಗಳಿಗೆ ಕ್ಯಾಶ್ ಎಂದು ಹೆಸರು. ಕಿವಿಗೆ ಹಣದ ಹೆಸರಿನಂತೆ ಕೇಳಿದರೂ ಇದರ ಮೂಲ ಬೇರೆ. ಅಡಗಿಸು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಮಾತಿದು. ಕಾಡಿನಲ್ಲಿ ಅಲೆಯುವ ಬೇಟೆಗಾರರು ಮುಂದಿನ ದಿನಗಳಿಗೆಂದು ಬಚ್ಚಿಡುತ್ತಿದ್ದ ಆಹಾರದ ಸಂಗ್ರಹಕ್ಕೆ ಈ ಹೆಸರಿತ್ತು. 1965ರಲ್ಲಿ ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸನು, ದೊಡ್ಡದಾದರೂ ನಿಧಾನವಾದ ನೆನಪಿನ ಪಕ್ಕದಲ್ಲಿ ಚಿಕ್ಕದಾದರೂ ಚುರುಕಾದ ನೆನಪೊಂದನ್ನಿಟ್ಟು ಪದೇ ಪದೇ ಬೇಕಾಗುವುದನ್ನು ಅಲ್ಲಿ ಇರಿಸಿಕೊಳ್ಳುವ ಕ್ರಮವನ್ನು ವಿವರಿಸಿದನು. 1968ರಲ್ಲಿ ಐ.ಬಿ.ಎಂ. ಸಂಸ್ಥೆಯ ಒಂದು ಯಂತ್ರದ ವರ್ಣನೆಯಲ್ಲಿ ಅದಕ್ಕೆ ಕ್ಯಾಶ್ ಎಂಬ ಹೆಸರು ಬಂದು, ನಿಂತುಬಿಟ್ಟಿತು. ಬೇಟೆಗಾರನ ಗುಂಡಿಯ ಹೆಸರು ಯಂತ್ರಕ್ಕೆ ಸಂದಿದ್ದರೆ, ನಮ್ಮ ಹಗೇವಿನ ಹೆಸರು ಸಲ್ಲಲು ಅಡ್ಡಿಯೇನಿದೆ?

ದೂರವೂ ದಟ್ಟಣೆಯೂ

ಮೊದಲು, ಇದರ ಅಗತ್ಯವೇನೆಂಬುದನ್ನು ನೋಡೋಣ. ಗಾಜಿನ ಎಳೆಯೊಳಗೆ ಬೆಳಕು ಒಂದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಇಂಡಿಯಿಂದ ಬೆಂಗಳೂರಿಗೆ ಸುಮಾರು 600 ಕಿಲೋಮೀಟರೆಂದು ಹಿಡಿದರೆ ಹೋಗಿ ಬರಲು ಸೆಕೆಂಡಿನ ಸಾವಿರದ 6 ಪಾಲು ಸಾಕು. ಅದೇ 14 ಸಾವಿರ ಕಿಲೋಮೀಟರಿನಾಚೆ ಅಮೆರಿಕೆಯಲ್ಲಿರುವ ಯಂತ್ರವನ್ನು ಕೇಳಿದರೆ ಸಾವಿರದ 140 ಪಾಲು ಬೇಕು. ಒಂದು ಪುಟ ತೆರೆಯಲು ಇಂಥ ಹತ್ತಾರು ಓಡಾಟಗಳಾಗುವುದುಂಟು. ಆಗ ಈ ವ್ಯತ್ಯಾಸ ಬೆರಳಿಗೂ ಕಣ್ಣಿಗೂ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ ದಟ್ಟಣೆ. ಸಾವಿರ ಮಂದಿ ಒಂದೇ ಚಲನಚಿತ್ರವನ್ನು ಬೇಡಿದರೆ ಅದನ್ನು ಸಾವಿರ ಸಲ ದೂರದಿಂದ ಹೊತ್ತು ತರುವುದು, ಒಂದೊಂದು ಸೇರು ಜೋಳಕ್ಕೂ ಒಂದೊಂದು ಬಂಡಿ ಹೂಡಿದಂತೆ. ಒಮ್ಮೆ ತಂದು ಊರ ಸಮೀಪದಲ್ಲಿ ಇಟ್ಟುಕೊಂಡರೆ ದಾರಿಯೂ ಬಿಡುವಾಗುತ್ತದೆ, ಬೇಡಿದವನ ಕೈಗೂ ಬೇಗ ಬರುತ್ತದೆ.

ಈ ವಿಚಾರವನ್ನು ಜಗತ್ತಿನಾದ್ಯಂತ ಹರಡಿದವರಲ್ಲಿ ಅಮೆರಿಕೆಯ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವನ ಶಿಷ್ಯ ಡ್ಯಾನಿಯಲ್ ಲೆವಿನ್ ಮುಖ್ಯರು. ಇವರಿಬ್ಬರು ಕೂಡಿ 1998ರಲ್ಲಿ ಅಕಮೈ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಲೆವಿನ್ ಸೆಪ್ಟೆಂಬರ್ 11, 2001ರ ವಿಮಾನ ಅಪಹರಣದಲ್ಲಿ ಪ್ರಾಣ ಕಳೆದುಕೊಂಡನು. ಅವನು ರೂಪಿಸಿದ ಉಪಾಯ ಉಳಿಯಿತು. ಇಂದು ನಾವು ನೋಡುವ, ಕೇಳುವ, ಓದುವ ಬಹುಪಾಲು ಸಾಮಗ್ರಿ ಮೂಲಸ್ಥಾನದಿಂದ ನೇರವಾಗಿ ಬರದೆ ಇಂಥ ಮಧ್ಯದ ಉಗ್ರಾಣಗಳಿಂದ ಬರುತ್ತದೆ.

ಏನನ್ನು ಇಡಬೇಕು, ಏನನ್ನು ಬಿಡಬೇಕು

ಹಗೇವಿಗೆ ಒಂದು ಅಳತೆಯಿರುವಂತೆ ಕ್ಯಾಶಿಗೂ ಒಂದು ಅಳತೆಯುಂಟು. ಅದು ತುಂಬಿದ ಮೇಲೆ ಹೊಸದೊಂದು ಬಂದರೆ ಹಳೆಯದೊಂದು ಹೊರಗೆ ಹೋಗಲೇಬೇಕು. ಯಾವುದು ಹೋಗಬೇಕು? ಈ ಪ್ರಶ್ನೆಗೆ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಹಂಗೇರಿ ಮೂಲದ ಲಾಸ್ಲೋ ಬೆಲಾಡಿ 1966ರಲ್ಲಿ ಕೊಟ್ಟ ಉತ್ತರ ಬಹು ಸರಳವಾದುದು: ಇರುವವುಗಳಲ್ಲಿ ಯಾವುದು ಎಲ್ಲಕ್ಕಿಂತ ತಡವಾಗಿ ಮತ್ತೆ ಬೇಕಾಗುವುದೋ ಅದನ್ನು ಹೊರಗೆ ಹಾಕಬೇಕು. ಇದಕ್ಕಿಂತ ಉತ್ತಮವಾದ ನಿಯಮವಿಲ್ಲ. ಆದರೆ ಇದನ್ನು ಪಾಲಿಸಲು ಮುಂದಾಗುವುದೆಲ್ಲ ಮೊದಲೇ ತಿಳಿದಿರಬೇಕು! ಕಾಲಜ್ಞಾನ ಬಲ್ಲವರಿಗಷ್ಟೇ ಸಾಧ್ಯವಾದ ನಿಯಮವನ್ನು ಯಂತ್ರಕ್ಕೆ ವಿಧಿಸುವುದು ಹೇಗೆ?

ಆದುದರಿಂದ ಯಂತ್ರಗಳು ಹಿಂದನ್ನು ನೋಡಿ ಮುಂದನ್ನು ಊಹಿಸುತ್ತವೆ. ಒಂದು ಊಹೆಯೆಂದರೆ, ಬಹಳ ಹೊತ್ತಿನಿಂದ ಯಾರೂ ಕೇಳದುದನ್ನು ಮುಂದೆಯೂ ಯಾರೂ ಕೇಳಲಿಕ್ಕಿಲ್ಲವೆಂಬುದು. ಇನ್ನೊಂದು ಊಹೆ, ಹೆಚ್ಚು ಸಲ ಕೇಳಿದುದನ್ನೇ ಮುಂದೆಯೂ ಹೆಚ್ಚು ಸಲ ಕೇಳುವರೆಂಬುದು. ಎರಡರಲ್ಲಿಯೂ ದೋಷವಿದೆ. ಮೊದಲನೆಯದು ಒಂದು ಗಳಿಗೆಯ ಗದ್ದಲಕ್ಕೆ ಮರುಳಾಗುತ್ತದೆ. ಎರಡನೆಯದು ನಿನ್ನೆಯ ಅರಸನನ್ನು ಇಂದೂ ಸಿಂಹಾಸನದಿಂದಿಳಿಸದು. ಹೋದ ವರ್ಷದ ಚುನಾವಣೆಯ ಫಲಿತಾಂಶವನ್ನು ಕೋಟಿ ಜನ ನೋಡಿದರೆಂದು ಈ ವರ್ಷವೂ ಅದನ್ನು ಹಿಡಿದುಕೊಂಡು ಕೂತರೆ ಏನು ಪ್ರಯೋಜನ?

ಇಲ್ಲಿಯೇ ಜನಪ್ರಿಯತೆಯ ಮುನ್ನಂದಾಜು ಎಂಬ ಶಾಸ್ತ್ರ ಕಾಲಿಡುತ್ತದೆ. ಯಾವ ಹೊತ್ತಿನಲ್ಲಿ, ಯಾವ ವಾರದಂದು, ಯಾವ ಊರಿನಲ್ಲಿ, ಯಾವ ಬಗೆಯ ಸಾಮಗ್ರಿಗೆ ಬೇಡಿಕೆ ಬಂದಿತ್ತು. ಹೊಸದಾಗಿ ಬಂದುದಕ್ಕೆ ಮೊದಲ ಒಂದೆರಡು ಗಂಟೆಗಳಲ್ಲಿ ಕೇಳಿಕೆ ಎಷ್ಟು ವೇಗವಾಗಿ ಏರಿತು. ಇವನ್ನೆಲ್ಲ ಕೂಡಿಸಿ ನಾಳೆಯ ಬೇಡಿಕೆಯನ್ನು ಲೆಕ್ಕಹಾಕುತ್ತಾರೆ. ಎಷ್ಟೋ ಊಹೆಗಳಿಗೆ ಪಂಚಾಂಗವೇ ಸಾಕು. ಬಸವ ಜಯಂತಿಯ ವಾರದಲ್ಲಿ ವಚನಗಳನ್ನು ಹುಡುಕುವವರು ಹೆಚ್ಚುವರೆಂದು ಹೇಳಲು ಯಂತ್ರವೇ ಬೇಕೆ? ನವೆಂಬರ್ 19, 2023ರಂದು ವಿಶ್ವಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯವನ್ನು ಆಗಿನ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಮೂಲಕ ಒಂದೇ ಹೊತ್ತಿಗೆ 5.9 ಕೋಟಿ ಮಂದಿ ನೋಡಿದರು. ಆ ದಟ್ಟಣೆ ಯಾರಿಗೂ ಅನಿರೀಕ್ಷಿತವಾಗಿರಲಿಲ್ಲ. ಸಿದ್ಧತೆ ಮೊದಲೇ ನಡೆದಿತ್ತು. ನೆಟ್‌ಫ್ಲಿಕ್ಸ್ ಸಂಸ್ಥೆ ತನ್ನ ಉಗ್ರಾಣ ಯಂತ್ರಗಳನ್ನು ಅಂತರ್ಜಾಲ ಒದಗಿಸುವವರ ಮನೆಯೊಳಗೇ ಇರಿಸುತ್ತದೆ. ನಾಳೆ ಯಾವ ಚಿತ್ರವನ್ನು ಎಷ್ಟು ಮಂದಿ ನೋಡಬಹುದೆಂದು ಅಂದಾಜು ಮಾಡಿ, ಮಂದಿ ಮಲಗಿ ದಾರಿ ಬಿಡುವಾಗಿರುವ ಹೊತ್ತಿನಲ್ಲಿ ಅವನ್ನು ತುಂಬುತ್ತದೆ. ನಮ್ಮ ಸಂತೆಯ ವ್ಯಾಪಾರಿಯೂ ನಸುಕಿನಲ್ಲಿ ಬಂಡಿ ಹೇರುವುದು ಇದೇ ನ್ಯಾಯದಿಂದ.

ಇಟ್ಟುಕೊಂಡುದೆಲ್ಲ ಒಂದೇ ಬಗೆಯದೂ ಅಲ್ಲ. ಇಂಡಿಯ ಲಿಂಬೆಗೆ ಬೇಸಿಗೆಯಲ್ಲಿ ಬೇಡಿಕೆ ಏರುವುದೆಂದು ಎಲ್ಲರಿಗೂ ಗೊತ್ತು. ಹಾಗೆಂದು ಅದನ್ನು ಹಗೇವಿನಲ್ಲಿ ತುಂಬಿಡಲಾದೀತೆ? ಜೋಳಕ್ಕೆ ವರ್ಷಗಳ ಬಾಳಿಕೆ, ಲಿಂಬೆಗೆ ದಿನಗಳ ಬಾಳಿಕೆ. ಕ್ಯಾಶಿನಲ್ಲಿಯೂ ಪ್ರತಿಯೊಂದು ಸಾಮಗ್ರಿಗೆ ಇಷ್ಟು ಹೊತ್ತಿನವರೆಗೆ ಮಾತ್ರ ತಾಜಾ ಎಂಬ ಅವಧಿಯನ್ನು ಗೊತ್ತುಮಾಡಿರುತ್ತಾರೆ. ಪೇಟೆಯ ಧಾರಣೆ, ಪಂದ್ಯದ ಓಟ ಮುಂತಾದವು ಲಿಂಬೆಯ ಜಾತಿ. ಪಂಪನ ಕಾವ್ಯ, ಬಸವಣ್ಣನವರ ವಚನ ಜೋಳದ ಜಾತಿ.

ನೂರರಲ್ಲಿ ಮೂವತ್ತೆಂಟು

ಇಷ್ಟು ಚಿಕ್ಕ ಉಗ್ರಾಣದಿಂದ ಇಷ್ಟು ದೊಡ್ಡ ಲಾಭ ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ಭಾಷಾಭ್ಯಾಸಿಗಳಾದ ನಮ್ಮ ಹೊಲದಲ್ಲಿಯೇ ಬೆಳೆದುದು. ಅಮೆರಿಕೆಯ ಭಾಷಾವಿಜ್ಞಾನಿ ಜಾರ್ಜ್ ಕಿಂಗ್ಸ್‌ಲಿ ಜಿಫ್ (1902–1950) ಗ್ರಂಥಗಳಲ್ಲಿ ಯಾವ ಶಬ್ದ ಎಷ್ಟು ಸಲ ಬರುತ್ತದೆಂಬುದನ್ನು ಪರಿಶೀಲಿಸಿದನು. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಶಬ್ದಕ್ಕಿಂತ ಎರಡನೆಯದು ಸುಮಾರು ಅರ್ಧದಷ್ಟು, ಮೂರನೆಯದು ಮೂರನೆಯ ಒಂದು ಪಾಲು, ನೂರನೆಯದು ನೂರನೆಯ ಒಂದು ಪಾಲು ಬಳಕೆಯಾಗುವುದೆಂದು ಅವನು ತೋರಿಸಿದನು. ಕೆಲವೇ ಶಬ್ದಗಳು ಮಾತಿನ ಬಹುಭಾರವನ್ನು ಹೊರುತ್ತವೆ; ಉಳಿದ ಲಕ್ಷಾಂತರ ಶಬ್ದಗಳು ಅಪರೂಪಕ್ಕೊಮ್ಮೆ ತಲೆಯೆತ್ತುತ್ತವೆ. ಅಂತರ್ಜಾಲದ ಬೇಡಿಕೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆಯೆಂದು 1999ರಲ್ಲಿ ಲೀ ಬ್ರೆಸ್ಲಾವ್ ಮತ್ತು ಸಂಗಡಿಗರು ಪ್ರಕಟಿಸಿದ ಅಭ್ಯಾಸದಿಂದ ತಿಳಿದುಬಂದಿತು.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಲಕ್ಷ ಸಾಮಗ್ರಿಗಳಿವೆ, ಬೇಡಿಕೆ ಜಿಫ್‌ನ ನಿಯಮದಂತೆಯೇ ಇದೆಯೆಂದು ತಿಳಿಯೋಣ. ಮೇಲಿನ ಒಂದು ಸಾವಿರವನ್ನು, ಅಂದರೆ ನೂರಕ್ಕೆ ಒಂದನ್ನು ಮಾತ್ರ, ಹತ್ತಿರವಿಟ್ಟುಕೊಂಡರೆ ಬರುವ ನೂರು ಕೇಳಿಕೆಗಳಲ್ಲಿ ಸುಮಾರು 62ಕ್ಕೆ ಅಲ್ಲಿಯೇ ಉತ್ತರ ಸಿಗುತ್ತದೆ. ಎಂಜಿನಿಯರನಿಗೆ ಇದು ಸಂತೋಷದ ಲೆಕ್ಕ. ಸಾಹಿತ್ಯದ ಅಧ್ಯಾಪಕನಿಗೆ ಮಾತ್ರ ಇದನ್ನು ತಿರುಗಿಸಿ ಓದುವ ಚಾಳಿ. ನೂರರಲ್ಲಿ ಉಳಿದ 38 ಮಂದಿ ಕೇಳಿದ್ದೇನು? ಹೊರಗುಳಿದ 99 ಸಾವಿರ ಸಾಮಗ್ರಿಗಳಲ್ಲಿ ಯಾವುದೋ ಒಂದನ್ನು. ಅವರಲ್ಲಿ ಒಬ್ಬೊಬ್ಬನೂ ಒಂಟಿ, ಆದರೆ ಅವರೆಲ್ಲರನ್ನೂ ಕೂಡಿಸಿದರೆ ಅದೊಂದು ದೊಡ್ಡ ಸಭೆ. 1999ರ ಅಭ್ಯಾಸದಲ್ಲಿ ಬೇಡಿಕೆಯ ಇಳಿತ ಜಿಫ್ ಹೇಳಿದುದಕ್ಕಿಂತಲೂ ನಿಧಾನವಾಗಿತ್ತು. ಎಂದರೆ ಈ ಒಂಟಿ ಜನರ ಪಾಲು ಇನ್ನೂ ಹೆಚ್ಚು.

ಈ ಒಂಟಿ ಕೇಳಿಕೆಗಳನ್ನು ಯಂತ್ರ ಹೇಗೆ ಕಾಣುತ್ತದೆಂಬುದು ತಿಳಿಯತಕ್ಕ ವಿಷಯ. ಬ್ರೂಸ್ ಮ್ಯಾಗ್ಸ್ ಮತ್ತು ರಮೇಶ ಸೀತಾರಾಮನ್ 2015ರಲ್ಲಿ ಬರೆದ ಲೇಖನದಂತೆ, ಅಕಮೈ ಸಂಸ್ಥೆಯ ಒಂದು ಯಂತ್ರಸಮೂಹದಲ್ಲಿ ಎರಡು ದಿನ ನೋಡಿದಾಗ ಕ್ಯಾಶಿಗೆ ಬಂದ ಸಾಮಗ್ರಿಗಳಲ್ಲಿ ನೂರಕ್ಕೆ 74ನ್ನು ಒಂದೇ ಒಂದು ಸಲ ಕೇಳಲಾಗಿತ್ತು. ಒಬ್ಬನು ಒಮ್ಮೆ ಕೇಳಿ ಹೋದ, ಮತ್ತೆ ಯಾರೂ ಬಾರದ ವಸ್ತುಗಳಿಂದಲೇ ಉಗ್ರಾಣ ತುಂಬಿಹೋಗುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರವೆಂದರೆ, ಮೊದಲನೆಯ ಸಲ ಕೇಳಿದಾಗ ದೂರದಿಂದ ತಂದುಕೊಡು, ಆದರೆ ಇಟ್ಟುಕೊಳ್ಳಬೇಡ. ಎರಡನೆಯ ಸಲ ಕೇಳಿಕೆ ಬಂದರೆ ಆಗ ಇಟ್ಟುಕೋ ಎಂಬುದು. ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ನಮ್ಮ ಜಿಲ್ಲೆಯ ಎರಡು ಸಾಕ್ಷಿಗಳು

ಇಲ್ಲಿಯವರೆಗೆ ಹೇಳಿದುದರಲ್ಲಿ ಆಕ್ಷೇಪಿಸತಕ್ಕುದೇನೂ ಇಲ್ಲ. ಬೇಡಿದುದನ್ನು ಬೇಡುವವನ ಸಮೀಪದಲ್ಲಿಡುವುದು ಒಳ್ಳೆಯ ಕೆಲಸವೇ ಸರಿ. ಆದರೆ ಬೇಡಿಕೆಯ ಲೆಕ್ಕವೇ ಬೆಲೆಯ ಲೆಕ್ಕವೆಂದು ಭ್ರಮಿಸಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. 2014ರಿಂದ ವಿಜಯಪುರವೆಂದು ಕರೆಯಲ್ಪಡುವ ನಮ್ಮ ಜಿಲ್ಲೆಯೇ ಎರಡು ಸಾಕ್ಷಿಗಳನ್ನು ಒದಗಿಸುತ್ತದೆ.

ಮೊದಲನೆಯ ಸಾಕ್ಷಿ ಫ. ಗು. ಹಳಕಟ್ಟಿ (1880–1964). ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗೆ, ಮಠಮಠಕ್ಕೆ ತಿರುಗಿ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಆ ಕಾಲದ ಬೇಡಿಕೆಯನ್ನು ಲೆಕ್ಕ ಹಾಕಿದ್ದರೆ ಆ ತಾಳೆಗರಿಗಳಿಗೆ ಸಿಗುತ್ತಿದ್ದ ಅಂಕವೆಷ್ಟು? ಹಲವು ಕಟ್ಟುಗಳನ್ನು ತಲೆಮಾರುಗಳಿಂದ ಯಾರೂ ಬಿಚ್ಚಿರಲಿಲ್ಲ. ಬಹಳ ಹೊತ್ತಿನಿಂದ ಯಾರೂ ಕೇಳದುದನ್ನು ಹೊರಗೆ ಹಾಕಬೇಕೆಂಬ ನಿಯಮವನ್ನು ಆ ಮನೆಗಳವರು ಅಕ್ಷರಶಃ ಪಾಲಿಸಿದ್ದರೆ, ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಮಹಾಪುರುಷನ ಮಾತುಗಳಲ್ಲಿ ಎಷ್ಟು ನಮ್ಮ ಕೈಗೆ ಬರುತ್ತಿದ್ದವೋ ಹೇಳಲಾಗದು. ಅವರು ಕೇಳಲಿಲ್ಲ, ಆದರೂ ಇಟ್ಟುಕೊಂಡರು. ಪೂಜೆಯ ಕೋಣೆಯ ಭಕ್ತಿಯಿಂದಲೋ ಹಿರಿಯರ ವಸ್ತುವೆಂಬ ಮರ್ಯಾದೆಯಿಂದಲೋ ಇಟ್ಟುಕೊಂಡರು. ಹಳಕಟ್ಟಿಯವರ ನಂತರ ಅನೇಕರು ಆ ದಾರಿಯಲ್ಲಿ ನಡೆದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅದರ ಪ್ರಧಾನ ಸಂಪಾದಕರು ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿ (1938–2015). ಇಂದು 20 ಸಾವಿರಕ್ಕೂ ಮಿಕ್ಕ ವಚನಗಳನ್ನು ಫೋನಿನಲ್ಲಿಯೇ ಹುಡುಕಿ ಓದಬಹುದಾಗಿದೆ. ಈಗ ಅವು ಜನಪ್ರಿಯ. ಬೇಡಿಕೆಯ ಪಟ್ಟಿಯಲ್ಲಿ ಅವುಗಳಿಗೂ ಸ್ಥಾನವಿದೆ. ಆದರೆ ಜನಪ್ರಿಯತೆ ಬಂದುದು ಉಳಿಸಿಕೊಂಡ ಮೇಲೆ, ಜನಪ್ರಿಯವಾಗಿದ್ದುದರಿಂದ ಉಳಿದುದಲ್ಲ.

ಎರಡನೆಯ ಸಾಕ್ಷಿ ಆಗಿನ ಇಂಡಿ ತಾಲೂಕಿನ ಹಲಸಂಗಿ. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ ಗರತಿಯ ಹಾಡು ಎಂಬ ಹೆಸರಿನಿಂದ ಬೆಳಕು ಕಂಡವು. ಇಲ್ಲಿಯ ವಿಷಯ ಹಳಕಟ್ಟಿಯವರದಕ್ಕಿಂತ ಬೇರೆ. ಆ ಹಾಡುಗಳಿಗೆ ಬೇಡಿಕೆ ಇರಲಿಲ್ಲವೆಂದು ಯಾರು ಹೇಳಬಲ್ಲರು? ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬದಿಯಲ್ಲಿ, ಕಳೆ ತೆಗೆಯುವ ಹೊಲದಲ್ಲಿ ಅವು ಪ್ರತಿದಿನವೂ ಬೇಡಿಕೆಯಲ್ಲಿದ್ದವು. ಆದರೆ ಆ ಬೇಡಿಕೆ ಯಾವ ಪುಸ್ತಕದಂಗಡಿಯ ಖಾತೆಯಲ್ಲಿಯೂ ಯಾವ ಗ್ರಂಥಾಲಯದ ದಾಖಲೆಯಲ್ಲಿಯೂ ಜಮೆಯಾಗಿರಲಿಲ್ಲ. ಎಣಿಸುವವರು ಕುಳಿತ ಸ್ಥಳಕ್ಕೆ ಅದು ಮುಟ್ಟಲಿಲ್ಲ. ಮುಟ್ಟದುದನ್ನು ಇಲ್ಲವೆಂದು ತಿಳಿದರು.

ಒಂದು ಕಡೆ ಕೇಳುವವರಿಲ್ಲದಿದ್ದರೂ ಬೆಲೆಯುಳ್ಳ ವಸ್ತು. ಇನ್ನೊಂದು ಕಡೆ ಕೇಳುವವರು ಬೇಕಾದಷ್ಟಿದ್ದರೂ ಲೆಕ್ಕಕ್ಕೆ ಬಾರದ ವಸ್ತು. ಮುನ್ನಂದಾಜಿನ ಯಂತ್ರ ಎಷ್ಟೇ ಜಾಣವಾಗಿದ್ದರೂ ಎಡವುವುದು ಈ ಎರಡು ಕಲ್ಲುಗಳನ್ನೇ. ಎರಡನೆಯ ಕಲ್ಲು ತಂತ್ರಜ್ಞರಿಗೂ ಪರಿಚಿತವಾದುದು. ಇಡೀ ಜಗತ್ತಿನ ಬೇಡಿಕೆಯನ್ನು ಕೂಡಿಸಿ ತೆಗೆದ ಪಟ್ಟಿಯಂತೆ ಇಂಡಿಯ ಬಳಿಯ ಉಗ್ರಾಣವನ್ನು ತುಂಬಿದರೆ, ಇಂಡಿಯವರು ಕೇಳುವುದು ಅಲ್ಲಿ ಸಿಗದೆ ಹೋಗಬಹುದು. ಸ್ಥಳದ ರುಚಿ ಬೇರೆ, ಒಟ್ಟು ರುಚಿ ಬೇರೆ. ಆದುದರಿಂದಲೇ ಒಳ್ಳೆಯ ವ್ಯವಸ್ಥೆಗಳು ಆಯಾ ಪ್ರದೇಶದ ಬೇಡಿಕೆಯನ್ನು ಬೇರೆಯಾಗಿಯೇ ಎಣಿಸುತ್ತವೆ. ಆದರೆ ಹತ್ತು ಮಂದಿ ಕೇಳುವ ಚಿಕ್ಕ ಊರಿನಲ್ಲಿ ಎಣಿಕೆಯೇ ತೀರ ಕಡಮೆ. ಕಡಮೆ ಎಣಿಕೆಯಿಂದ ಊಹಿಸುವುದು ಕಷ್ಟ. ಚಿಕ್ಕ ಭಾಷೆ, ಚಿಕ್ಕ ಊರು, ಚಿಕ್ಕ ಆಸಕ್ತಿ ಇವುಗಳಿಗೆ ಗಣಿತದಲ್ಲಿಯೇ ಒಂದು ಬಡತನವಿದೆ.

ಒಂದು ದಿನ ತರಗತಿಯಲ್ಲಿ ತ್ರಿಪದಿಯ ಲಯವನ್ನು ಕೇಳಿಸಬೇಕೆಂದು ಹಳೆಯ ಧ್ವನಿಮುದ್ರಿಕೆಯೊಂದನ್ನು ಫೋನಿನಲ್ಲಿ ತೆರೆಯಹೋದೆ. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಹಿಂದಿನ ಸಾಲಿನ ಹುಡುಗನೊಬ್ಬನು ಆ ವಾರದ ಚಿತ್ರಗೀತೆಯೊಂದನ್ನು ಮುಟ್ಟಿದ. ಅದು ಒಡನೆ ಹಾಡತೊಡಗಿತು. ತರಗತಿ ನಕ್ಕಿತು. ನಾನೂ ನಕ್ಕೆ. ಈ ವ್ಯತ್ಯಾಸಕ್ಕೆ ಕಾರಣಗಳು ಹಲವಿರಬಹುದು. ಕ್ಯಾಶ್ ಅವುಗಳಲ್ಲಿ ಒಂದು ಮಾತ್ರ. ಆದರೆ ಹುಡುಗರ ಮನಸ್ಸಿನಲ್ಲಿ ಉಳಿದ ಪಾಠ ಬೇರೆಯಾಯಿತು. ಬೇಗ ಬಂದುದು ಬದುಕಿರುವುದು, ತಡವಾಗಿ ಬಂದುದು ಸತ್ತಿರುವುದು ಎಂದು ಅವರಿಗೆ ತೋರಿತು. ತಡವಾದುದನ್ನು ಮತ್ತೊಮ್ಮೆ ಕೇಳುವವರು ಕಡಮೆ. ಕೇಳದುದು ಇನ್ನೂ ದೂರ ಸರಿಯುತ್ತದೆ. ದೂರ ಸರಿದುದನ್ನು ಇನ್ನೂ ಕಡಮೆ ಮಂದಿ ಕೇಳುತ್ತಾರೆ. ಹೀಗೆ ಊಹೆ ತನ್ನನ್ನು ತಾನೇ ನಿಜಮಾಡಿಕೊಳ್ಳುತ್ತ ಹೋಗುತ್ತದೆ.

ಎರಡು ಬಗೆಯ ಇಡುವಿಕೆ

ಗರತಿಯ ಹಾಡು ಅಚ್ಚಾದ 1931ರಲ್ಲಿಯೇ ಎಸ್. ಆರ್. ರಂಗನಾಥನ್ (1892–1972) ಅವರು ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳ ಗ್ರಂಥವನ್ನು ಪ್ರಕಟಿಸಿದರು. ಅವರೇ ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅವರ ನಾಲ್ಕನೆಯ ಸೂತ್ರ ಓದುಗನ ಹೊತ್ತನ್ನು ಉಳಿಸಬೇಕೆನ್ನುತ್ತದೆ. ಮೂರನೆಯದು ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗನನ್ನು ದೊರಕಿಸಿಕೊಡಬೇಕೆನ್ನುತ್ತದೆ. ಜನಪ್ರಿಯತೆಯ ಮುನ್ನಂದಾಜು ನಾಲ್ಕನೆಯ ಸೂತ್ರದ ನಿಷ್ಠಾವಂತ ಸೇವಕ. ಮೂರನೆಯ ಸೂತ್ರ ಅದರ ಕೆಲಸವಲ್ಲ, ಅದರಿಂದ ಆಗತಕ್ಕುದೂ ಅಲ್ಲ. ಆ ಸೇವಕನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಮೂರನೆಯ ಸೂತ್ರದ ಕೆಲಸಕ್ಕೆ ಬೇರೊಬ್ಬರನ್ನು ನೇಮಿಸದಿರುವುದು ನಮ್ಮ ತಪ್ಪು.

ಕ್ಯಾಶಿನಿಂದ ಹೊರಬಿದ್ದ ವಸ್ತು ನಾಶವಾಗುವುದಿಲ್ಲವೆಂಬುದನ್ನು ಮರೆಯಬಾರದು. ಅದು ಮೂಲಸ್ಥಾನದಲ್ಲಿ ಇದ್ದೇ ಇರುತ್ತದೆ. ಸ್ವಲ್ಪ ದೂರ, ಅಷ್ಟೆ. ಅಪಾಯವಿರುವುದು ಮೂಲಸ್ಥಾನವನ್ನೂ ಕ್ಯಾಶಿನ ನಿಯಮದಿಂದಲೇ ಆಳಹೊರಟಾಗ. ಜಿಯೋಸಿಟೀಸ್ ಎಂಬ ತಾಣದಲ್ಲಿ ಸಾಮಾನ್ಯ ಜನರು ಬರೆದಿಟ್ಟ ಲಕ್ಷಗಟ್ಟಲೆ ಪುಟಗಳಿದ್ದವು. ಅದರ ಒಡೆತನ ಪಡೆದಿದ್ದ ಯಾಹೂ ಸಂಸ್ಥೆ 2009ರಲ್ಲಿ ಅದನ್ನು ಮುಚ್ಚಿತು. ಉಳಿದಷ್ಟು ಪುಟಗಳು ಉಳಿದುದು, ಯಾರು ಕೇಳುತ್ತಾರೆಂದು ಲೆಕ್ಕಿಸದೆ ಪ್ರತಿ ತೆಗೆದಿಟ್ಟುಕೊಂಡ ಕೆಲವರ ಶ್ರಮದಿಂದ.

ನಮ್ಮ ಒಕ್ಕಲಿಗನಿಗೆ ಈ ಭೇದ ಮೊದಲಿನಿಂದಲೂ ಗೊತ್ತಿತ್ತು. ಹಗೇವಿನ ಜೋಳ ಉಣ್ಣುವುದಕ್ಕೆ. ಅದನ್ನು ಬೇಡಿಕೆಯ ಅಂದಾಜಿನಂತೆ ತುಂಬುವುದು, ತೆಗೆಯುವುದು ನ್ಯಾಯವೇ. ಆದರೆ ಬಿತ್ತುವ ಬೀಜವನ್ನು ಅವನು ಹಗೇವಿಗೆ ಸುರಿಯುತ್ತಿರಲಿಲ್ಲ. ಹೊಲದಲ್ಲಿ ನಿಂತ ಬೆಳೆಯಲ್ಲಿಯೇ ಒಳ್ಳೆಯ ತೆನೆಗಳನ್ನು ಆರಿಸಿ, ಬೇರೆ ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆ ಇಟ್ಟು, ಗಡಿಗೆಯ ಬಾಯಿ ಕಟ್ಟಿಡುತ್ತಿದ್ದನು. ಆ ಗಡಿಗೆಯನ್ನು ಎಂಟು ತಿಂಗಳು ಯಾರೂ ಕೇಳುತ್ತಿರಲಿಲ್ಲ. ಬೇಡಿಕೆಯ ಲೆಕ್ಕದಲ್ಲಿ ಅದರ ಅಂಕ ಸೊನ್ನೆ. ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಮಾತ್ರ ಇಡೀ ಮನೆಯ ಮುಂದಿನ ವರ್ಷವೆಲ್ಲ ಆ ಗಡಿಗೆಯೊಳಗೆ ಇರುತ್ತಿತ್ತು.

ಹಾಗಾದರೆ ನಾವು ಮಾಡತಕ್ಕುದೇನು? ಹಿಂದೆ ಕಾಲೇಜಿನಂಥ ಸಂಸ್ಥೆಯೊಂದು ತನ್ನದೇ ಕ್ಯಾಶ್ ಯಂತ್ರವನ್ನಿಟ್ಟು, ಒಬ್ಬ ವಿದ್ಯಾರ್ಥಿ ತೆರೆದ ಪುಟವನ್ನು ಇನ್ನೊಬ್ಬನಿಗೆ ಅಲ್ಲಿಂದಲೇ ಕೊಡಬಹುದಾಗಿತ್ತು. ಈಗ ಬಹುತೇಕ ಸಂಚಾರವೆಲ್ಲ ಗುಪ್ತಲಿಪಿಯಲ್ಲಿ ನಡೆಯುವುದರಿಂದ ಮಧ್ಯದವರಿಗೆ ಅದು ಸಾಧ್ಯವಿಲ್ಲ. ಗೌಪ್ಯದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಇದರ ಫಲವಾಗಿ, ಊರ ಹತ್ತಿರ ಉಗ್ರಾಣ ಕಟ್ಟುವ ಅಧಿಕಾರ ಸಾಮಗ್ರಿಯ ಒಡೆಯರಿಗೆ ಮತ್ತು ಅವರು ಗೊತ್ತುಮಾಡಿಕೊಂಡ ದೊಡ್ಡ ಸಂಸ್ಥೆಗಳಿಗೆ ಮಾತ್ರ ಉಳಿಯಿತು. ನಮ್ಮ ಕೈಯಲ್ಲಿ ಉಳಿದಿರುವುದು ಬೀಜದ ಗಡಿಗೆ. ಭಾರತದ ಕಾನೂನಿನಂತೆ ಲೇಖಕನು ತೀರಿಕೊಂಡ ವರ್ಷದ ಮುಂದಿನಿಂದ 60 ವರ್ಷ ಗ್ರಂಥಸ್ವಾಮ್ಯ ಇರುತ್ತದೆ. 1964ರಲ್ಲಿ ತೀರಿಕೊಂಡ ಹಳಕಟ್ಟಿಯವರ ಬರೆಹಗಳು 2025ರ ಜನವರಿ 1ರಿಂದ ಸರ್ವರ ಸೊತ್ತಾಗಿವೆ. ಇಂಥ ಗ್ರಂಥಗಳನ್ನು, ಸ್ಥಳೀಯ ಹಾಡುಗಾರರು ತಾವಾಗಿ ಒಪ್ಪಿ ಕೊಟ್ಟ ಧ್ವನಿಮುದ್ರಣಗಳನ್ನು, ನಾಲ್ಕೂ ತಾಲೂಕುಗಳ ಕಾಲೇಜು ಗ್ರಂಥಾಲಯಗಳು ತಮ್ಮಲ್ಲಿಯೇ ಒಂದೊಂದು ಗಣಕದಲ್ಲಿ ಇಟ್ಟುಕೊಂಡು, ಹೊರಗಿನ ಜಾಲ ಕಡಿದಾಗಲೂ ವಿದ್ಯಾರ್ಥಿಯ ಕೈಗೆ ಸಿಗುವಂತೆ ಮಾಡಬಹುದು. ಇದಕ್ಕೆ ಬೇಕಾದುದು ದೊಡ್ಡ ಹಣವಲ್ಲ. ಏನನ್ನು ಇಡಬೇಕೆಂದು ಓದಿ, ಯೋಚಿಸಿ ನಿರ್ಧರಿಸುವ ಒಬ್ಬ ಮನುಷ್ಯ ಬೇಕು. ಆ ನಿರ್ಧಾರವನ್ನು ಎಷ್ಟು ಮಂದಿ ಕೇಳಿದರು ಎಂಬ ಪಟ್ಟಿಗೆ ಒಪ್ಪಿಸಿಬಿಡಬಾರದು.

ಯಂತ್ರದ ಮುಂದೆಯೂ ನಾವು ಕೇವಲ ನಿರುಪಾಯರಲ್ಲ. ಒಂದು ಸಲ ಕೇಳಿದುದನ್ನು ಅದು ಇಟ್ಟುಕೊಳ್ಳುವುದಿಲ್ಲ, ಎರಡನೆಯ ಸಲ ಕೇಳಿದರೆ ಇಟ್ಟುಕೊಳ್ಳುತ್ತದೆ ಎಂದು ಮೇಲೆ ಹೇಳಿದೆನಷ್ಟೆ. ತ್ರಿಪದಿಯ ಆ ಧ್ವನಿಮುದ್ರಿಕೆಯನ್ನು ನಾನು ಮರುದಿನ ತರಗತಿಗೆ ಮೊದಲೇ ಒಮ್ಮೆ ತೆರೆದೆ. ತರಗತಿಯಲ್ಲಿ ಎರಡನೆಯ ಸಲ ತೆರೆದೆ. ಚಕ್ರ ತುಸು ತಿರುಗಿ, ಹಾಡು ಬಂದಿತು. ಕ್ಯಾಶಿನ ಪುಣ್ಯವೋ ಜಾಲ ಬಿಡುವಾಗಿದ್ದ ಪುಣ್ಯವೋ ನಾನು ಹೇಳಲಾರೆ. ಮುದುಕಿಯೊಬ್ಬಳ ಧ್ವನಿ ಮೂರು ಸಾಲು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನ ಆ ಹುಡುಗನು, ತನ್ನ ಅಜ್ಜಿಯೂ ಇಂಥದನ್ನೇ ಹಾಡುವಳೆಂದು ಮೆಲ್ಲಗೆ ಹೇಳಿದನು. ಯಾವ ಯಂತ್ರದ ಪಟ್ಟಿಯಲ್ಲಿಯೂ ಇರದಿದ್ದ ಸಂಗತಿಯದು. ಅಜ್ಜಿ ಹಾಡುವಾಗ ಕೇಳಿ ಬರೆದುಕೊಂಡು ಬಾ ಎಂದು ಅವನಿಗೆ ಹೇಳಿದ್ದೇನೆ.